ಬೇಕಲ ಕೋಟೆ ಬರೀ ಸೆಲ್ಫಿ ಜಾಗವಲ್ಲ



ಮಳೆಗಾಲ ಮುಗಿಯುತ್ತಿದ್ದಂತೆ ಧರ್ಮಕೇಂದ್ರಗಳ ಯುವಜನರ ವಾಟ್ಸಾಪ್ ಗುಂಪುಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಒಂದು ಟೆಂಪೊ ಟ್ರಾವೆಲರ್, ಒಂದು ದಿನ, ಆರು ಸ್ಥಳ. ಆ ಪಟ್ಟಿಯಲ್ಲಿ ಬೇಕಲ ಕೋಟೆಗೆ ಸಿಗುವುದು ಅರ್ಧ ಗಂಟೆ: ಟಿಕೆಟ್, ವೀಕ್ಷಣಾ ಗೋಪುರ, ಸಮುದ್ರಕ್ಕೆ ಬೆನ್ನು ಹಾಕಿ ಒಂದು ಗ್ರೂಪ್ ಫೋಟೊ, ಮತ್ತೆ ಗಾಡಿ. ಇಂಥ ಓಟದ ಪ್ರವಾಸ ಬೇಡ ಎಂಬುದು ನಮ್ಮ ವಾದ. ಕಾಸರಗೋಡಿನ ಕನ್ನಡಿಗರಿಗಂತೂ ಬೇಡವೇ ಬೇಡ.

ಬೇಕಲ ಎಂದರೆ ಬಹಳ ಮಂದಿಗೆ ನೆನಪಾಗುವುದು 1995ರ ‘ಬಾಂಬೆ’ ಸಿನಿಮಾದ ಹಾಡು. ಹಾಡು ಚೆನ್ನಾಗಿದೆ, ತಕರಾರಿಲ್ಲ. ಆದರೆ 17ನೆಯ ಶತಮಾನದಲ್ಲಿ ಈ ಕೋಟೆ ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ ಎಂಬುದು ಎಷ್ಟು ಮಂದಿಗೆ ಗೊತ್ತು? ಮಲೆನಾಡಿನ ಒಂದು ಕನ್ನಡ ಅರಸುಮನೆ ಇಷ್ಟು ದೂರದ ಕಡಲ ದಂಡೆಯಲ್ಲಿ ಸುಮಾರು 40 ಎಕರೆಯ ಕೋಟೆ ಕಟ್ಟಿತು. ಆಮೇಲೆ ಹೈದರಾಲಿ ಬಂದ, ಟಿಪ್ಪು ಬಂದ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇದು ಕಂಪನಿ ಸರ್ಕಾರದ ಕೈಸೇರಿ ದಕ್ಷಿಣ ಕೆನರಾದ ಭಾಗವಾಯಿತು. 1956ರಲ್ಲಿ ಕೇರಳಕ್ಕೆ ಸೇರಿತು. ಕನ್ನಡ ಫಲಕ ಬೇಕು, ಶಾಲೆಗೆ ಕನ್ನಡ ಬಲ್ಲ ಶಿಕ್ಷಕರು ಬೇಕು ಎಂದು ಕೇಳುವುದು ನ್ಯಾಯವೇ. ಆದರೆ ಊರಿನ ಕಥೆ ಗೊತ್ತಿಲ್ಲದವರ ಬೇಡಿಕೆಗೆ ಬಲ ಎಲ್ಲಿಂದ ಬರಬೇಕು?

ಇದನ್ನು ‘ಕೋಟೆ ನಮ್ಮದು ಮಾತ್ರ’ ಎಂದು ಜಗಳ ತೆಗೆಯಲು ಹೇಳುತ್ತಿಲ್ಲ. ಕೋಟೆಯ ಬಾಗಿಲಲ್ಲೇ ಮುಖ್ಯಪ್ರಾಣ ದೇವಸ್ಥಾನವಿದೆ, ಹತ್ತಿರದಲ್ಲೇ ಹಳೆಯ ಮಸೀದಿಯಿದೆ. ಎಲ್ಲರಿಗೂ ಸೇರಿದ್ದನ್ನು ತಿಳಿದು ನೋಡುವ ಕರ್ತವ್ಯವೂ ಎಲ್ಲರದ್ದು.

ಗೋಡೆಯ ಕಿಂಡಿಗಳನ್ನೇ ನೋಡಿ. ಮೇಲಿನದು ದೂರಕ್ಕೆ, ಅದರ ಕೆಳಗಿನದು ಸ್ವಲ್ಪ ಹತ್ತಿರಕ್ಕೆ, ತೀರಾ ಕೆಳಗಿನದು ಗೋಡೆಯ ಬುಡಕ್ಕೆ ಗುರಿ ಇಡಲು. ಇದು ಲೆಕ್ಕ ಹಾಕಿ ಮಾಡಿದ ಕೆಲಸ. ನಮ್ಮ ಹತ್ತನೇ ಕ್ಲಾಸಿನ ಮಕ್ಕಳಿಗೆ ಕೋನಗಳ ಪಾಠವನ್ನು ಇಲ್ಲೇ ಮಾಡಬಹುದು. ಅರ್ಧ ಗಂಟೆಯಲ್ಲಿ ಅವರು ಕಾಣುವುದು ಮೊಬೈಲಿನ ಪರದೆಯನ್ನಷ್ಟೇ.

ಇನ್ನೊಂದು ಮಾತು ಜೀವದ್ದು. ಕೋಟೆಯ ಕಲ್ಲು ಮುರಕಲ್ಲು. ಗಾಳಿಗೆ ಗಟ್ಟಿಯಾಗುವ ಕಲ್ಲಾದರೂ ಮಳೆ ಮತ್ತು ಉಪ್ಪುಗಾಳಿಗೆ ಅಂಚು ಸವೆಯುತ್ತದೆ, ಪಾಚಿ ಹಿಡಿದರೆ ಜಾರುತ್ತದೆ. ಒಳ್ಳೆಯ ಫೋಟೊ ಬೇಕೆಂದು ಸಮುದ್ರದ ಕಡೆಯ ಗೋಡೆ ಹತ್ತುವುದು ಧೈರ್ಯವಲ್ಲ. ಮನೆಯಲ್ಲಿ ಅಮ್ಮ ಊಟಕ್ಕೆ ಕಾಯುತ್ತಿರುತ್ತಾರೆ.

“ಟಿಕೆಟ್ ಕೊಟ್ಟಿದ್ದೇವಲ್ಲ, ಕಸ ಹೆಕ್ಕುವುದು ಅವರ ಕೆಲಸ” ಎನ್ನುವವರಿದ್ದಾರೆ. ಟಿಕೆಟ್ ಕೊಟ್ಟದ್ದು ನೋಡಲು, ಎಸೆಯಲು ಅಲ್ಲ. ಗೋಡೆಯಿಂದ ಕೆಳಗೆ ಬಿದ್ದ ಬಾಟಲಿ ಹೋಗುವುದು ಕಡಲಿಗೆ, ಅಲ್ಲಿಂದ ಮೀನುಗಾರರ ಬಲೆಗೆ. “ಯುವಕರಿಗೆ ಮಜಾ ಬೇಡವೇ?” ಎಂದೂ ಕೇಳುತ್ತಾರೆ. ಬೇಕು. ಆದರೆ ಆರು ಸ್ಥಳಗಳ ಓಟದಲ್ಲಿ ಮಜಾ ಇರುವುದು ಡ್ರೈವರಣ್ಣನಿಗೂ ಅಲ್ಲ, ನಮಗೂ ಅಲ್ಲ.

ಹಾಗಾದರೆ ಏನು ಮಾಡೋಣ? ಈ ವರ್ಷ ಎರಡೇ ಸ್ಥಳ ಇಟ್ಟುಕೊಳ್ಳೋಣ: ಬೆಳಗ್ಗೆ ಚಂದ್ರಗಿರಿ ಕೋಟೆ, ಮಧ್ಯಾಹ್ನದಿಂದ ಸೂರ್ಯ ಮುಳುಗುವ ಹೊತ್ತಿನವರೆಗೆ ಬೇಕಲ. ಮೊದಲ ಒಂದು ಗಂಟೆ ಫೋನ್ ಚೀಲದಲ್ಲಿರಲಿ. ಕೋಟೆಯ ಕಥೆಯನ್ನು ನಮ್ಮಲ್ಲೇ ಒಬ್ಬರು ಓದಿಕೊಂಡು ಬಂದು ಕನ್ನಡದಲ್ಲಿ ಹೇಳಲಿ. ನೀರು ಸ್ಟೀಲ್ ಬಾಟಲಿಯಲ್ಲಿ, ತಿಂಡಿ ಮನೆಯ ಡಬ್ಬಿಯಲ್ಲಿ. ಸಾಧ್ಯವಾದರೆ ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಹೋಗೋಣ. ಗೋಪುರಕ್ಕೆ ಹೋಗುವ ಅಗಲದ ಇಳಿಜಾರಿನಲ್ಲಿ ಕೈಹಿಡಿದು ನಿಧಾನವಾಗಿ ನಡೆಸಬಹುದು.

ಮುಂದಿನ ಭಾನುವಾರದ ಯುವಜನರ ಸಭೆಯಲ್ಲಿ ಇದನ್ನೇ ಮಂಡಿಸುತ್ತೇವೆ. ಒಪ್ಪದವರು ಮೊದಲು ಬನ್ನಿ, ವಾದ ಮಾಡೋಣ.