ಗುಂಟೆಯ ಲೆಕ್ಕ, ಕೊಂಬಿನ ಜಗಳ

ಪ್ರಶ್ನೆ: ಕಚೇರಿಯ ಪತ್ರ, ವರದಿ, ವಾಟ್ಸಾಪ್ ಸಂದೇಶಗಳಲ್ಲಿ ಪ್ರತಿ ಅಕ್ಷರ, ಪ್ರತಿ ಅಂಕಿಯನ್ನೂ ತಡಕಿ ನೋಡಲೇಬೇಕೆ?

ಪರ

ಪಹಣಿಯಲ್ಲಿ 1-20 ಎಂದಿದ್ದರೆ ಒಂದು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಒಂದೂವರೆ ಎಕರೆ. ಹಳ್ಳಿಮೈಸೂರು ಹೋಬಳಿಯ ಯಾವ ರೈತನಿಗೂ ಇದನ್ನು ಹೇಳಿಕೊಡಬೇಕಿಲ್ಲ. ಅದೇ ಅಂಕಿ ಇನ್ನೊಂದು ಅರ್ಜಿಗೆ ಇಳಿಯುವಾಗ ನಡುವಿನ ಅಡ್ಡಗೆರೆ ಚುಕ್ಕೆಯಾಗಿಬಿಟ್ಟರೆ 1.20 ಎಕರೆ, ಅಂದರೆ ಒಂದು ಎಕರೆ ಎಂಟು ಗುಂಟೆ. ಹನ್ನೆರಡು ಗುಂಟೆ ಕಾಗದದ ಮೇಲೇ ಕರಗಿತು. ಬೈಯೋಣವೆಂದರೆ ಅಂಕಿಗಳೆಲ್ಲ ಸರಿಯಾಗಿಯೇ ಇವೆ!

ಗೊರೂರಿನ ಹೇಮಾವತಿ ಜಲಾಶಯದ ದಿನದ ಪ್ರಕಟಣೆಯಲ್ಲೂ ಇಂಥ ಜಾಗಗಳಿವೆ. ಗರಿಷ್ಠ ಮಟ್ಟ 2,922 ಅಡಿ, ಸಾಮರ್ಥ್ಯ 37.103 ಟಿಎಂಸಿ. ಸಂಗ್ರಹ ಟಿಎಂಸಿಯಲ್ಲಿ, ಹರಿವು ಕ್ಯುಸೆಕ್‌ನಲ್ಲಿ. ಸುಮಾರು 11,574 ಕ್ಯುಸೆಕ್ ಇಡೀ ದಿನ ಹರಿದರೆ ಒಂದು ಟಿಎಂಸಿ. ಮುಂಗಾರಿನಲ್ಲಿ ಹೊರಹರಿವಿನ ಎಚ್ಚರಿಕೆಯಿಂದ ಒಂದು ಸೊನ್ನೆ ಉದುರಿದರೆ, ಕೆಳಗೆ ಹೊಳೆನರಸೀಪುರದ ಕಡೆ ಹೊಳೆದಂಡೆಯಲ್ಲಿ ಪಂಪ್‌ಸೆಟ್ ಇಟ್ಟವರು ನಂಬುವುದು ಉಳಿದ ಅಂಕಿಯನ್ನೇ.

ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಶುರುವಾದದ್ದು 1982ರಲ್ಲಿ. ಸುಮಾರು 36,000 ಕಿ.ಮೀ. ಮೇಲಿರುವ ಉಪಗ್ರಹಕ್ಕೆ ಮೆಕ್ಯಾನಿಕ್ ಕಳಿಸಲಾಗದು. ಇಲ್ಲಿಂದ ಹೋಗುವ ಆಜ್ಞೆಯೇ ಗತಿ. ಇಂಥ ಕೆಲಸದಲ್ಲಿ ಅಳತೆ ತಪ್ಪಿದರೆ ಏನಾದೀತೆಂದು ನಾಸಾ 1999ರ ಸೆಪ್ಟೆಂಬರ್ 23ರಂದು ಕಂಡಿತು. ಮಂಗಳಕ್ಕೆ ಹೋಗಿದ್ದ ಕ್ಲೈಮೇಟ್ ಆರ್ಬಿಟರ್ ನೌಕೆ ಇಲ್ಲವಾಯಿತು. ಲಾಕ್‌ಹೀಡ್ ಮಾರ್ಟಿನ್‌ನ ತಂತ್ರಾಂಶ ಕೊಟ್ಟ ಅಂಕಿ ಪೌಂಡ್ ಲೆಕ್ಕದ್ದು, ನೌಕೆಯ ದಾರಿ ಎಣಿಸುತ್ತಿದ್ದವರು ಅದನ್ನು ನ್ಯೂಟನ್ ಎಂದೇ ಓದಿದರು. ವ್ಯತ್ಯಾಸ ಸುಮಾರು ನಾಲ್ಕೂವರೆ ಪಟ್ಟು.

ವಿರೋಧ

ಆ ಕಥೆಯನ್ನು ಪೂರ್ತಿ ಹೇಳಬೇಕು. ನೌಕೆಯ ದಾರಿ ಏಕೋ ಸರಿಯಿಲ್ಲವೆಂಬ ಅನುಮಾನ ಲೆಕ್ಕ ಹಾಕುತ್ತಿದ್ದವರಿಗೆ ಮೊದಲೇ ಬಂದಿತ್ತು. ಅದನ್ನು ಇಮೇಲ್‌ನಲ್ಲಿ, ಮಾತಿನಲ್ಲಿ ಹೇಳಿಯೂ ಇದ್ದರು. ನಿಗದಿತ ನಮೂನೆಯಲ್ಲಿ ದಾಖಲಾಗದೆ ಆ ಅನುಮಾನ ಬಗೆಹರಿಯದೇ ಉಳಿಯಿತು. ನಮೂನೆ ತುಂಬಬೇಕಿತ್ತು ಎಂದು ಪರದವರು ವಾದಿಸಬಹುದು. ಆದರೆ ಬಾಯಲ್ಲಿ ಹೇಳಿದ ಎಚ್ಚರಿಕೆಗೆ ಬೆಲೆ ಇಲ್ಲದಂಥ ಅಚ್ಚುಕಟ್ಟುತನ ಯಾರನ್ನು ಕಾಪಾಡಿತು?

ನಮ್ಮ ಕಡೆ ಈ ನಿಗಾ ಹೆಚ್ಚಾಗಿ ಬೀಳುವುದು ಹೆಸರಿನ ಮೇಲೆ. 'ಗೌಡ' ಎಂಬುದನ್ನು ಇಂಗ್ಲಿಷಿನಲ್ಲಿ ಒಬ್ಬರು ಡಬ್ಲ್ಯೂ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಯು. ಆಧಾರ್‌ನಲ್ಲಿ ಒಂದು, ಪಾಸ್‌ಬುಕ್ಕಿನಲ್ಲಿ ಇನ್ನೊಂದು, ಪಹಣಿಯಲ್ಲಿ ಅಪ್ಪನ ಹೆಸರೂ ಸೇರಿ ಮೂರನೆಯದು. ವರ್ಷಕ್ಕೆ 6,000 ರೂಪಾಯಿ ಕೊಡುವ ಪಿಎಂ-ಕಿಸಾನ್ ಕಂತು ಹೀಗೆ ಹೆಸರು ತಾಳೆಯಾಗದೆ ನಿಂತ ರೈತರು ಬೇಕಾದಷ್ಟಿದ್ದಾರೆ. ಊರಿಗೆಲ್ಲ ಗೊತ್ತಿರುವ ಮನುಷ್ಯ ನಾಡಕಚೇರಿಯ ಕಿಟಕಿಯ ಮುಂದೆ ತಾನು ತಾನೇ ಎಂದು ರುಜುವಾತು ಮಾಡಬೇಕು! ಇಲ್ಲಿ ಅಕ್ಷರ ನೋಡುವವನು ಜಾಣನಲ್ಲ, ಸುಮ್ಮನೆ ಹೆದರಿದವನು.

ತಡಕ್ಕೂ ಬೆಲೆಯಿದೆ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಆಲೂಗಡ್ಡೆ ಹೊಲಗಳಿಗೆ ಮೋಡ, ತಂಪು, ಜಿಟಿಜಿಟಿ ಮಳೆ ಒಟ್ಟಿಗೆ ಬಂದರೆ ಅಂಗಮಾರಿ ಕೆಲವೇ ದಿನಗಳಲ್ಲಿ ಗಿಡವನ್ನೆಲ್ಲ ಕರಕಲು ಮಾಡುತ್ತದೆ. ಸಿಂಪಡಣೆಯ ಸೂಚನೆ ಇಂದು ಸಂಜೆಯೇ ರೈತರ ಗುಂಪಿಗೆ ಮುಟ್ಟಬೇಕು. ಅದರಲ್ಲಿ ಕೊಂಬು, ದೀರ್ಘ ತಪ್ಪಿದ್ದರೆ ಯಾರಿಗೆ ನಷ್ಟ? ವಿಷಯ, ಉಲ್ಲೇಖ, ಮೇಲಧಿಕಾರಿಯ ಸಹಿ ಎಲ್ಲ ಕೂಡಿ ಮೂರು ದಿನದ ಮೇಲೆ ಬರುವ ಚೊಕ್ಕ ಸುತ್ತೋಲೆ ಬೆಂದ ಹೊಲಕ್ಕೆ ಬರುತ್ತದೆ.

ಒಂದನ್ನು ಮಾತ್ರ ಈ ಪಕ್ಷದವರೂ ಬಿಟ್ಟುಕೊಡುವುದಿಲ್ಲ. ಮ್ಯಾಂಕೋಜೆಬ್ ಲೀಟರ್ ನೀರಿಗೆ 2 ಗ್ರಾಂ ಎಂದಿರಬೇಕಾದ ಕಡೆ 20 ಎಂದು ಬೀಳಬಾರದು. ಅದನ್ನು ಇನ್ನೊಬ್ಬರಿಗೆ ಓದಿ ಹೇಳಿ ಕಳಿಸಲು ಅರ್ಧ ನಿಮಿಷ ಸಾಕು. ಸಹಿ, ಮೊಹರು ಬೆಳಗಾದ ಮೇಲೆ ಬರಲಿ.