ಹೆದ್ದಾರಿ ತಪ್ಪಿತು, ಗೂಗಲ್ ಆದ್ರೂ ಸಿಗುತ್ತಾ? ಚನ್ನಪಟ್ಟಣದ ಗೊಂಬೆ ಅಂಗಡಿ ಮತ್ತು ‘ಫಸ್ಟ್ ಪೇಜ್’ ವ್ಯಾಪಾರ

2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ವೇ ಉದ್ಘಾಟನೆಯಾಯಿತು. ಮೈಸೂರಿಗೆ ಹೋಗೋರಿಗೆ ಸಮಯ ಉಳಿಯಿತು, ಸಂತೋಷ. ಆದರೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಪಕ್ಕದಲ್ಲಿ ಬೈಪಾಸ್ ಹಾದುಹೋಯಿತು. ಹಳೇ ರಸ್ತೆಯಲ್ಲಿ ಕಾರು ನಿಲ್ಲಿಸಿ, ಮಗುವಿಗೊಂದು ಬುಗುರಿಯೋ ಮರದ ಕುದುರೆಯೋ ಕೊಳ್ಳುತ್ತಿದ್ದವರು ಈಗ ಆ ಕಡೆ ತಿರುಗಿಯೂ ನೋಡದೆ ಮುಂದೆ ಹೋಗುತ್ತಾರೆ. ದಾರಿಹೋಕ ಗಿರಾಕಿಯನ್ನೇ ನಂಬಿದ್ದ ಅಂಗಡಿಗಳಿಗೆ ಇದು ದೊಡ್ಡ ಪೆಟ್ಟು.

ಇಂಥವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: “ಆನ್‌ಲೈನ್‌ಗೆ ಬನ್ನಿ, ವೆಬ್‌ಸೈಟ್ ಮಾಡಿಸಿ.” ಸರಿ, ಮಾಡಿಸಿದರು ಅಂತಿಟ್ಟುಕೊಳ್ಳಿ. ಆರು ತಿಂಗಳಾದರೂ ಒಂದು ಆರ್ಡರ್ ಇಲ್ಲ. ಆಗ ಫೋನ್ ಬರುತ್ತೆ: “ಸರ್, ಗೂಗಲ್‌ನಲ್ಲಿ ನಿಮ್ಮನ್ನ ಫಸ್ಟ್ ಪೇಜ್‌ಗೆ ತರ್ತೀವಿ, ಗ್ಯಾರಂಟಿ. ತಿಂಗಳಿಗೆ ಇಷ್ಟು ಕೊಡಿ.”

ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾಗದು ಅಂತ ಗೂಗಲ್ ತಾನೇ ಬರೆದು ಹಾಕಿದೆ. ಆದರೂ ಈ ವ್ಯಾಪಾರ ಜೋರಾಗಿ ನಡೆಯುತ್ತಿದೆ. ಯಾಕೆಂದರೆ ಒಳಗೆ ಏನಾಗುತ್ತೆ ಅನ್ನೋದು ಅಂಗಡಿಯವರಿಗೆ ಗೊತ್ತಿಲ್ಲ, ಹೇಳೋರೂ ಇಲ್ಲ.

ಒಳಗೆ ಆಗೋದೇನು?

ಮೂರೇ ಹಂತ. ಗೂಗಲ್‌ನ ಕ್ರಾಲರ್ ಎಂಬ ತಂತ್ರಾಂಶ ನಿಮ್ಮ ಪುಟಕ್ಕೆ ಬಂದು ಓದುತ್ತೆ. ಓದಿದ್ದನ್ನು ತನ್ನ ಇಂಡೆಕ್ಸ್‌ನಲ್ಲಿ, ಅಂದರೆ ದೊಡ್ಡದೊಂದು ಅಕಾರಾದಿಯಲ್ಲಿ, ಸೇರಿಸಿಕೊಳ್ಳುತ್ತೆ. ಯಾರಾದರೂ ಹುಡುಕಿದಾಗ ಆ ಇಂಡೆಕ್ಸ್‌ನಿಂದ ಪುಟಗಳನ್ನು ಆರಿಸಿ ಒಂದರ ಕೆಳಗೊಂದು ಜೋಡಿಸುತ್ತೆ. ಜೋಡಿಸೋಕೆ ನೂರಾರು ಲೆಕ್ಕಾಚಾರಗಳಿವೆ. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಹಾಕಿದ ಅಡಿಪಾಯ ಮಾತ್ರ ಸರಳ: ಒಂದು ಸೈಟ್ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದೊಂದು ಶಿಫಾರಸು. ಶಿಫಾರಸು ಮಾಡಿದವರು ದೊಡ್ಡವರಾದಷ್ಟೂ ಅದಕ್ಕೆ ತೂಕ ಹೆಚ್ಚು.

ಎಷ್ಟೋ ಸಣ್ಣ ಸೈಟ್‌ಗಳು ಮೊದಲೆರಡು ಹಂತದಲ್ಲೇ ಎಡವುತ್ತವೆ. ಪರೀಕ್ಷೆ ಸುಲಭ. ಗೂಗಲ್‌ನಲ್ಲಿ ‘ಸೈಟ್’ ಅಂತ ಇಂಗ್ಲಿಷ್‌ನಲ್ಲಿ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ವಿಳಾಸ ಟೈಪ್ ಮಾಡಿ. ಏನೂ ಬರದಿದ್ದರೆ ನೀವು ಇಂಡೆಕ್ಸ್‌ನಲ್ಲೇ ಇಲ್ಲದಿರಬಹುದು. ಸೈಟ್ ಕಟ್ಟುವಾಗ ‘ಇದನ್ನು ಇಂಡೆಕ್ಸ್ ಮಾಡಬೇಡಿ’ ಅಂತ ಹಾಕಿದ ಸೂಚನೆಯನ್ನು ತೆಗೆಯೋಕೆ ಮರೆಯುವುದು ತೀರಾ ಸಾಮಾನ್ಯ ತಪ್ಪು. ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನದಲ್ಲಿ ಇದು ಕಾಣುತ್ತೆ. ಯಾವ ಪದ ಹುಡುಕಿದವರಿಗೆ ನೀವು ಕಂಡಿರಿ, ಎಷ್ಟು ಜನ ಒತ್ತಿದರು ಅನ್ನೋದೂ ಅಲ್ಲೇ ಸಿಗುತ್ತೆ.

ದುಡ್ಡು ಕೊಡದೇ ಆಗುವ ಕೆಲಸಗಳು

ಮುಖಪುಟದ ಶೀರ್ಷಿಕೆ ಬರೀ ‘ಹೋಮ್’ ಅಂತಿದ್ದರೆ ಅದನ್ನು ಬದಲಿಸಿ. ಏನು ಮಾರುತ್ತೀರಿ, ಯಾವ ಊರು ಅನ್ನೋದು ಅಲ್ಲಿರಲಿ. ಬೆಲೆ, ವಿವರ ಎಲ್ಲವನ್ನೂ ಪೋಸ್ಟರ್ ಮಾಡಿ ಚಿತ್ರವಾಗಿ ಹಾಕಬೇಡಿ, ಅಕ್ಷರದಲ್ಲಿ ಬರೆಯಿರಿ. ಒಂದೊಂದು ಗೊಂಬೆಗೂ ಒಂದೊಂದು ಪುಟ ಇರಲಿ.

ಗಿರಾಕಿ ಅಂಗಡಿಯಲ್ಲಿ ಕೇಳೋ ಪ್ರಶ್ನೆಗಳನ್ನೇ ಬರೆದು ಉತ್ತರಿಸಿ. ಮಗು ಬಾಯಿಗೆ ಹಾಕಿಕೊಂಡರೆ ಬಣ್ಣ ಅಪಾಯವಾ? ಹಾಲೆ ಮರ ಅಂದರೆ ಯಾವುದು? ಅರಗು ಹಚ್ಚೋದು ಹೇಗೆ? ಎಷ್ಟು ವಯಸ್ಸಿನ ಮಗುವಿಗೆ ಯಾವುದು ಕೊಡಬಹುದು? ಲೇತ್ ತಿರುಗಿಸಿ ಬೆಳೆದವರಿಗೆ ಇದು ಕಂಠಪಾಠ. ಯಾವ ಏಜೆನ್ಸಿಯೂ ಇದನ್ನು ನಿಮಗಿಂತ ಚೆನ್ನಾಗಿ ಬರೆಯಲಾರದು. ಇಂಗ್ಲಿಷ್ ಜೊತೆ ಕನ್ನಡದಲ್ಲೂ ಬರೆಯಿರಿ. ಹುಡುಕೋರು ಕಡಿಮೆ ಇರಬಹುದು, ಪೈಪೋಟಿಯೂ ಅಷ್ಟೇ ಕಡಿಮೆ.

ಮೊಬೈಲ್‌ನಲ್ಲಿ ಪುಟದ ಮುಖ್ಯ ಭಾಗ 2.5 ಸೆಕೆಂಡ್ ಒಳಗೆ ತೆರೆದುಕೊಳ್ಳಬೇಕು ಅನ್ನೋದು ಗೂಗಲ್‌ನ ಅಳತೆಗೋಲು. ಕ್ಯಾಮೆರಾದಿಂದ ತೆಗೆದ 5 ಎಂಬಿ ಫೋಟೊವನ್ನು ಹಾಗೇ ಹಾಕಿದರೆ ಅದು ಆಗದ ಮಾತು. ಗಾತ್ರ ಇಳಿಸಿ ಹಾಕಿ.

ಮ್ಯಾಪ್‌ನಲ್ಲಿ ಕಾಣುವ ಬಿಸಿನೆಸ್ ಪ್ರೊಫೈಲ್ ಕೂಡ ಉಚಿತ. ಅಲ್ಲಿ ಕ್ರಮ ನಿರ್ಧರಿಸೋದು ಮುಖ್ಯವಾಗಿ ಮೂರು: ಹುಡುಕಿದ್ದಕ್ಕೂ ನಿಮಗೂ ಇರುವ ಸಂಬಂಧ, ದೂರ, ಹೆಸರುವಾಸಿತನ. ಎಕ್ಸ್‌ಪ್ರೆಸ್ ವೇಯಲ್ಲಿ ಹೋಗುವ ಕುಟುಂಬ ‘ಮರದ ಆಟಿಕೆ’ ಅಂತ ಹುಡುಕಿದರೆ ದೂರದ ಲೆಕ್ಕದಲ್ಲಿ ನೀವೇ ಮುಂದೆ. ಸಮಯ, ಫೋನ್ ನಂಬರ್, ಸರಿಯಾದ ಜಾಗ, ಹೊಸ ಫೋಟೊ ಇದ್ದರೆ ಕಾರು ಸರ್ವಿಸ್ ರಸ್ತೆಗೆ ಇಳಿಯುವ ಸಾಧ್ಯತೆಯಾದರೂ ಇರುತ್ತೆ. ರಿವ್ಯೂ ಕೇಳಿ ಬರೆಸಿಕೊಳ್ಳಿ. ದುಡ್ಡು, ರಿಯಾಯಿತಿ ಕೊಟ್ಟು ಬರೆಸೋದು ನಿಷಿದ್ಧ. ಲಿಂಕ್ ಖರೀದಿಯೂ ಅಷ್ಟೇ, ಸಿಕ್ಕಿಬಿದ್ದರೆ ಸೈಟ್ ಪಾತಾಳಕ್ಕೆ.

ಎಲ್ಲಕ್ಕಿಂತ ಮುಖ್ಯ: ಡೊಮೇನ್ ಹೆಸರು ನಿಮ್ಮ ಹೆಸರಲ್ಲೇ ಇರಲಿ. ಮಾಡಿಕೊಟ್ಟವನ ಖಾತೆಯಲ್ಲಿದ್ದರೆ, ಅವನ ಜೊತೆ ಮನಸ್ತಾಪವಾದ ದಿನ ನಿಮ್ಮ ಅಂಗಡಿಯ ಬೋರ್ಡೇ ಅವನ ಕೈಯಲ್ಲಿರುತ್ತೆ.

ಇಷ್ಟು ಮಾಡಿದರೆ ಸಾಕಾ?

ಸಾಲದು. ಪ್ರಾಮಾಣಿಕವಾಗಿ ಹೇಳಬೇಕಾದ ಮಾತು ಇದು. ಇಷ್ಟೆಲ್ಲ ಮಾಡಿದರೂ ಮೇಲ್ಗಡೆ ಜಾಹೀರಾತು ಇರುತ್ತೆ. ಅದರ ಕೆಳಗೆ ಲಕ್ಷಾಂತರ ಲಿಂಕ್‌ಗಳ ಬಲವಿರುವ ದೊಡ್ಡ ಇ-ಕಾಮರ್ಸ್ ಕಂಪನಿಗಳು. ಈಗ ಅವೆಲ್ಲದರ ಮೇಲೆ ಎಐ ಬರೆದ ಉತ್ತರ. ಎಐ ಓವರ್‌ವ್ಯೂ ಭಾರತಕ್ಕೆ 2024ರ ಆಗಸ್ಟ್‌ನಲ್ಲಿ ಬಂತು. ‘ಅರಗಿನ ಬಣ್ಣ ಸುರಕ್ಷಿತವಾ’ ಅಂತ ಕೇಳಿದವರಿಗೆ ಉತ್ತರ ಅಲ್ಲೇ ಸಿಕ್ಕಿಬಿಟ್ಟರೆ, ಆ ಉತ್ತರ ಬರೆದಿಟ್ಟವರ ಪುಟಕ್ಕೆ ಅವರು ಯಾಕೆ ಬರುತ್ತಾರೆ? ಇದೂ ಒಂದು ಬೈಪಾಸೇ.

ರಸ್ತೆ ಹಾಕಿದವನೇ ರಸ್ತೆ ಬದಿ ಅಂಗಡಿಯನ್ನೂ ಇಟ್ಟರೆ ಏನಾಗುತ್ತೆ ಅನ್ನೋ ಪ್ರಶ್ನೆ ಹೊಸದಲ್ಲ. ತನ್ನದೇ ಶಾಪಿಂಗ್ ಸೇವೆಯನ್ನು ಮುಂದೆ ತೋರಿಸಿದ್ದಕ್ಕೆ ಯುರೋಪಿಯನ್ ಕಮಿಷನ್ 2017ರಲ್ಲಿ ಗೂಗಲ್‌ಗೆ 242 ಕೋಟಿ ಯೂರೊ ದಂಡ ಹಾಕಿತು. 2018ರ ಫೆಬ್ರುವರಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗವೂ ಹುಡುಕಾಟದಲ್ಲಿ ಪಕ್ಷಪಾತ ಮಾಡಿದ್ದಕ್ಕೆ 135.86 ಕೋಟಿ ರೂಪಾಯಿ ದಂಡ ವಿಧಿಸಿತು. ಅಮೆರಿಕದ ಫೆಡರಲ್ ನ್ಯಾಯಾಲಯ 2024ರ ಆಗಸ್ಟ್‌ನಲ್ಲಿ, ಹುಡುಕಾಟದಲ್ಲಿ ಗೂಗಲ್ ಏಕಸ್ವಾಮ್ಯವನ್ನು ಅಕ್ರಮವಾಗಿ ಉಳಿಸಿಕೊಂಡಿದೆ ಎಂದಿತು. ಅದೇ ವರ್ಷ ಮಾರ್ಚ್‌ನಲ್ಲಿ ಗೂಗಲ್, ಬಿಸಿನೆಸ್ ಪ್ರೊಫೈಲ್ ಜೊತೆ ಉಚಿತವಾಗಿ ಕೊಟ್ಟಿದ್ದ ವೆಬ್‌ಸೈಟ್‌ಗಳನ್ನು ಮುಚ್ಚಿತು. ಅದನ್ನೇ ನಂಬಿದ್ದ ಸಣ್ಣ ವ್ಯಾಪಾರಿಗಳು ಹೊಸ ವಿಳಾಸ ಹುಡುಕಬೇಕಾಯಿತು. ಬಾಡಿಗೆ ಜಾಗದಲ್ಲಿ ಕಟ್ಟಿದ ಮನೆಯ ಹಣೆಬರಹ ಅದು.

ಹಾಗಾಗಿ ಹೊಣೆಯನ್ನೆಲ್ಲ ಅಂಗಡಿಯವರ ತಲೆಗೆ ಕಟ್ಟಿದರೆ ತಪ್ಪು. ಚನ್ನಪಟ್ಟಣದ ಗೊಂಬೆಗೆ ಜಿಐ ಮಾನ್ಯತೆ ಇದೆ. ಆ ಹೆಸರು ಬಳಸಲು ಅಧಿಕೃತ ಬಳಕೆದಾರರನ್ನು ನೋಂದಾಯಿಸುವ ವ್ಯವಸ್ಥೆ ಕಾನೂನಿನಲ್ಲೇ ಇದೆ. ಆದರೆ ಅಸಲಿ ಯಾರದ್ದು, ನಕಲಿ ಯಾರದ್ದು ಅಂತ ಗೂಗಲ್ ಅದನ್ನು ನೋಡಿ ಕ್ರಮ ಜೋಡಿಸುವುದಿಲ್ಲ.

ಇಲ್ಲಿ ರಾಜ್ಯ ಸರ್ಕಾರ ಮಾಡಬಹುದಾದ ಒಂದು ಅಗ್ಗದ ಕೆಲಸವಿದೆ. ಅಧಿಕೃತ ಕುಶಲಕರ್ಮಿಗಳ ಪಟ್ಟಿಯನ್ನು, ಅವರವರ ಸೈಟ್‌ನ ಲಿಂಕ್ ಸಮೇತ, ಕರಕುಶಲ ನಿಗಮ ಮತ್ತು ಪ್ರವಾಸೋದ್ಯಮ ಇಲಾಖೆಯ ಜಾಲತಾಣಗಳಲ್ಲಿ ಪ್ರಕಟಿಸಲಿ. ಪಿಡಿಎಫ್ ಬೇಡ, ಒತ್ತಿದರೆ ತೆರೆಯುವ ಪುಟ ಬೇಕು. ಸರ್ಕಾರಿ ಸೈಟ್‌ನಿಂದ ಬರುವ ನಿಜವಾದ ಶಿಫಾರಸಿಗೆ, ಯಾವುದೋ ಏಜೆನ್ಸಿ ಮಾರುವ ಸಾವಿರ ಲಿಂಕ್‌ಗಿಂತ ಹೆಚ್ಚು ಬೆಲೆ. ಇಳಕಲ್ ಸೀರೆ, ಬಿದರಿ, ಕಿನ್ನಾಳದ ಗೊಂಬೆಗಳಿಗೂ ಇದನ್ನೇ ಮಾಡಬಹುದು.

ಹೆದ್ದಾರಿ ಕಟ್ಟುವಾಗ ಅಂಗಡಿಯವರನ್ನು ಯಾರೂ ಕೇಳಲಿಲ್ಲ. ಕನಿಷ್ಠ ಈ ರಸ್ತೆಯಲ್ಲಾದರೂ ‘ಚನ್ನಪಟ್ಟಣ ಈ ಕಡೆ’ ಅಂತ ಒಂದು ಬೋರ್ಡ್ ಹಾಕೋಕೆ ಸರ್ಕಾರಕ್ಕೆ ಏನು ಅಡ್ಡಿ?