ಹೆಸರಿಲ್ಲದ ಉದ್ಯಾನ

ಉದ್ಯಾನವೆಂದರೆ ಬೇಲಿ, ಫಲಕ, ಕಾರಂಜಿ ಎಂಬ ಭಾವನೆ ಎಲ್ಲೆಡೆ ಬೇರೂರಿದೆ. ಆದರೆ ಆಳಂದದ ಕಡೆಯಿಂದ ಹರಿದು ಬರುವ ಅಮರ್ಜೆಯು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡುವೆಡೆ ಇವಾವುವೂ ಬೇಕಿಲ್ಲದ ಉದ್ಯಾನವೊಂದಿದೆ: ಸಂಗಮದ ಔದುಂಬರದ ನೆರಳು. ಭಕ್ತರು ಅಲ್ಲಿ ಕುಳಿತು ಗುರುಚರಿತ್ರೆಯ ಪಾರಾಯಣ ಮಾಡುತ್ತಾರೆ. ಅದನ್ನು ಉದ್ಯಾನವೆಂದು ಕರೆಯುವವರಿಲ್ಲ.

ಔದುಂಬರವೆಂದರೆ ಮಲೆನಾಡಿಗರೂ ಬಲ್ಲ ಅತ್ತಿಯೇ. ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳು ಎಂದು ಗಾದೆ ಹಳಿಯುತ್ತದೆ. ಆದರೆ ಕಾಯಿಯೊಳಗೆ ಅಡಗಿದ ಹೂಗಳಿಗೆ ಪರಾಗ ಮುಟ್ಟಿಸುವುದು ಆ ಸಣ್ಣ ಕಣಜದ ಹುಳುವೇ. ಅದಿಲ್ಲದೆ ಬೀಜವಿಲ್ಲ, ಹಕ್ಕಿ-ಬಾವಲಿಗಳಿಗೆ ಹಣ್ಣಿಲ್ಲ.

ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವ ಸೀಮೆಯಿದು. ಯಾತ್ರಾಸ್ಥಳದ ಅಭಿವೃದ್ಧಿಯೆಂದರೆ ಕಾಂಕ್ರೀಟು ಹಾಸುವುದೆಂದು ಬಗೆದರೆ ಬೇರು ಉಸಿರುಗಟ್ಟೀತು, ನೆರಳು ಕರಗೀತು. ಕಳೆದುಹೋದದ್ದು ಒಂದು ಉದ್ಯಾನವೆಂದು ಆಗಲೂ ಯಾರಿಗೂ ಹೊಳೆಯದು.

ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿದ ಭೀಮೆ ಈ ಸಂಗಮವನ್ನು ಹಾದು ಜೇವರ್ಗಿಯತ್ತ ಸಾಗುತ್ತಾಳೆ. ಬೆಟ್ಟದವರು ದೇವರಕಾಡನ್ನು ಕಾಯ್ದಂತೆ ಬಯಲಿನವರು ಈ ನೆರಳನ್ನು ಕಾಯಬೇಕಾಗಿದೆ. ಬುಡದ ಸುತ್ತ ಮಣ್ಣು ತೆರೆದಿರಲಿ. ದಡದಲ್ಲಿ ಹೊಸ ಅತ್ತಿಗಿಡಗಳು ಏಳಲಿ. ಫಲಕ ಬೇಡ, ನೆರಳು ಉಳಿದರೆ ಸಾಕು.